ಡೆರಿಕ್ ಬದುಕಿದ ವರ್ಷಗಳು

ಡೆರಿಕ್ ಮನೆಯಲ್ಲಿದ್ದಾನೆಯೇ ಎಂದು ಕೇಳಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬಂದಾಗ ಮೇವಿಸ್ ಹೆಲಿವೆಲ್ ಮೀನಿನ ಪೈಗೆಂದು ಆಲೂಗಡ್ಡೆ ಹಿಸುಕುತ್ತಿದ್ದಳು. ಮಾರ್ಚ್ ತಿಂಗಳ ಮಧ್ಯಾಹ್ನ. ಬಂದರಿನ ಕಡೆಯಿಂದ ಮಂಜು ಮೇಲೆದ್ದು ಎದುರು ಸಾಲಿನ ಮನೆಗಳನ್ನು ಆಗಲೇ ನುಂಗಿತ್ತು. ಬಂದವಳಿಗೆ ಮೂವತ್ತೈದರ ಆಸುಪಾಸು. ಗಂಡಸರ ದೊಗಳೆ ಕೋಟು ತೊಟ್ಟಿದ್ದಳು. ಲಂಡನ್ನಿನಿಂದ ರೈಲು ಹಿಡಿದು ಬಂದೆ, ಹೇಳದೆ ಕೇಳದೆ ಬಂದದ್ದಕ್ಕೆ ತಪ್ಪು ತಿಳಿಯಬೇಡಿ ಎಂದಳು.

"ಯಾವ ಡೆರಿಕ್ ಅಮ್ಮಾ?"

"ಡೆರಿಕ್ ಹೆಲಿವೆಲ್. ನಿಮ್ಮ ಮಗ."

ಮೇವಿಸ್‌ಳ ಮಗ ಡೆರಿಕ್ ತೀರಿಕೊಂಡು ಮೂವತ್ತೈದು ವರ್ಷವಾಗಿತ್ತು. ಐದು ತುಂಬಿದ ಮೇಲಿನ ಚಳಿಗಾಲದಲ್ಲಿ ಮಿದುಳು ಜ್ವರ ಬಂದು, ಡಾಕ್ಟರು ಅದೇನೆಂದು ತಿಳಿಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಒಬ್ಬನೇ ಮಗ. ಅದನ್ನು ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಊರಿನಲ್ಲಿ ಅವನ ಹೆಸರು ಬಂದರೆ ಜನ ದನಿ ತಗ್ಗಿಸಿ ಮಾತು ಬದಲಿಸುತ್ತಿದ್ದರು. ಅಂಗಡಿಗೆ ಹೋದವನನ್ನು ವಿಚಾರಿಸುವ ಹಾಗೆ, ಇದ್ದಾನಾ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಮೇವಿಸ್‌ಳ ಬಾಯಿಂದ ಹೊರಬಿದ್ದ ಮಾತು ಅವಳಿಗೇ ಅಚ್ಚರಿ ತಂದಿತು.

"ಈಗ ಇಲ್ಲ. ಒಳಗೆ ಬಾಮ್ಮ, ಹೊರಗೆ ಚಳಿ."

ಆ ಹೆಂಗಸಿನ ಹೆಸರು ಬ್ರಿಜೆಟ್. ಅಡುಗೆಮನೆಯ ಮೇಜಿನ ಮುಂದೆ ಕೂತು, ಕೊಟ್ಟ ಚಹಾ ಮುಟ್ಟದೆ, ಒಂದೇ ಸಮನೆ ಹೇಳಿಕೊಂಡಳು. ತಾನೂ ಡೆರಿಕ್ಕೂ ಐದು ವರ್ಷ ಒಂದೇ ಮನೆಯಲ್ಲಿ ಬಾಳಿದ್ದು. ಹೋದ ಬೇಸಗೆಯಲ್ಲಿ ಅವನು ಇದ್ದಕ್ಕಿದ್ದಂತೆ ಮಂಕಾಗಿ, ರಾತ್ರಿ ಅಳುತ್ತಾ, ಕೊನೆಗೆ ತಲೆ ಸರಿಯಿಲ್ಲ, ಸ್ವಲ್ಪ ದಿನ ನಾರ್ವೆಯ ಕಡೆ ಹೋಗಿಬರುತ್ತೇನೆಂದು ಹೊರಟದ್ದು. ಅಲ್ಲಿಂದ ಒಂದು ಕಾರ್ಡು ಬಂದದ್ದು, ಆಮೇಲೆ ಸುದ್ದಿಯೇ ಇಲ್ಲದ್ದು. ಅಪ್ಪನ ಜೊತೆ ಜಗಳವಾಗಿದೆ, ಆ ಮನೆಯ ಕಡೆ ಹೋಗಬೇಡ ಎಂದು ಅವನು ಹೇಳಿದ್ದನಂತೆ. ಅದಕ್ಕೇ ಇಷ್ಟು ತಿಂಗಳು ತಡೆದಿದ್ದಳು. ತಡೆಯಲಾಗದೆ ಹುಟ್ಟಿದ ದಾಖಲೆ ತೆಗೆಸಿ ವಿಳಾಸ ಹುಡುಕಿದ್ದಳು.

"ನೀವು ಅವನನ್ನ ಮುಚ್ಚಿಟ್ಟಿದ್ರೂ ಪರವಾಗಿಲ್ಲ," ಎಂದಳು ಬ್ರಿಜೆಟ್. "ಬದುಕಿದ್ದಾನೆ ಅಂತ ಒಂದು ಮಾತು ಹೇಳಿ. ಎದ್ದು ಹೋಗ್ತೀನಿ."

ಆಮೇಲೆ ಚೀಲದಿಂದ ಒಂದು ಫೋಟೋ ತೆಗೆದಳು. ಗಡ್ಡ ಬಿಟ್ಟ ಗಂಡಸು, ವ್ಯಾನಿನ ಬಾಗಿಲಿಗೆ ಒರಗಿ ನಗುತ್ತಿದ್ದಾನೆ. ಮೇವಿಸ್ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದಳು. ಇದು ಯಾರೋ ಏನೋ ಎಂದು ಬುದ್ಧಿ ಹೇಳುತ್ತಿತ್ತು. ಕಣ್ಣು ಮಾತ್ರ ತನ್ನ ಪಾಡಿಗೆ ಹೋಲಿಕೆ ಹುಡುಕುತ್ತಿತ್ತು, ಹುಡುಕಿದ ಮೇಲೆ ಸಿಕ್ಕೇಬಿಟ್ಟಿತು. ಹಣೆ ತನ್ನ ತಂದೆಯದು. ಕಿವಿ ಥೇಟು ಆರ್ನಲ್ಡನದು. ಡೆರಿಕ್ ಬೆಳೆದಿದ್ದರೆ ಹೀಗೇ ಇರುತ್ತಿದ್ದ. ಬೆಳೆದಿದ್ದಾನೆ, ಹೀಗಿದ್ದಾನೆ ಎಂದು ಒಂದು ಗಳಿಗೆ ಅವಳು ನಂಬಿಯೂ ಬಿಟ್ಟಳು. ಆಸ್ಪತ್ರೆಯವರು ಏನೋ ತಪ್ಪು ಮಾಡಿದ್ದಾರೆ, ಬೇರೆ ಯಾರದೋ ಮಗುವನ್ನು ತಾವು ಮಣ್ಣು ಮಾಡಿದ್ದೇವೆ ಎಂದು.

ಅಷ್ಟರಲ್ಲಿ ಹೊರಗೆ ಮಂಜಿನ ಕಹಳೆ ಕೂಗಿತು. ಬಂದರಿನಲ್ಲಿ ಮಂಜು ಕವಿದಾಗಲೆಲ್ಲ ದೋಣಿಗಳಿಗೆ ದಾರಿ ತಿಳಿಯಲೆಂದು ಊದುವ ಕಹಳೆ ಅದು. ಬ್ರಿಜೆಟ್ ತಲೆ ಎತ್ತಿ ಕೇಳಿದಳು. ಬಂದಾಗಿನಿಂದ ಮೊದಲ ಸಲ ಅವಳ ಮುಖ ಸಡಿಲವಾಯಿತು.

"ಇದೇ ಅಲ್ವಾ? ಸಮುದ್ರದ ಹಸು. ಕರು ಕಳ್ಕೊಂಡು ಅಳ್ತಿದೆ ಅಂತಿದ್ದ."

ಮೇವಿಸ್ ಕೈಯಲ್ಲಿದ್ದ ಕನ್ನಡಕ ಮೇಜಿನ ಮೇಲಿಟ್ಟಳು. ಸಮುದ್ರದ ಹಸು ಎಂದದ್ದು ಡೆರಿಕ್. ಮೂರು ವರ್ಷದವನಿದ್ದಾಗ, ಅವಳ ಸೆರಗಿನಂಥ ಏಪ್ರನ್ನಿನೊಳಗೆ ಮುಖ ಹುದುಗಿಸಿ. ಆ ಮಾತು ಈ ಮನೆಯ ಗೋಡೆ ದಾಟಿ ಹೋದದ್ದಲ್ಲ.

ಆರ್ನಲ್ಡ್ ತನ್ನ ಪುಟ್ಟ ತೋಟದಿಂದ ಈರುಳ್ಳಿ ದಂಟು ಹಿಡಿದು ಒಳಗೆ ಬಂದಾಗ ಇಬ್ಬರು ಹೆಂಗಸರೂ ಫೋಟೋ ಮುಂದಿಟ್ಟುಕೊಂಡು ಕೂತಿದ್ದರು. ಅವನು ಬಂದರು ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಕಡಿಮೆ ಮಾತಿನ ಮನುಷ್ಯ. ನಡೆದದ್ದನ್ನು ಕೇಳಿಸಿಕೊಂಡು ಮುಖ ಸುಣ್ಣವಾದರೂ ದನಿ ಏರಿಸಲಿಲ್ಲ. ಬೂಟು ಬಿಚ್ಚುತ್ತಿದ್ದವನು ಮತ್ತೆ ಕಟ್ಟಿಕೊಂಡ. "ಕೋಟು ಹಾಕ್ಕೊಳಮ್ಮ," ಎಂದು ಬ್ರಿಜೆಟ್‌ಗೆ ಹೇಳಿದ, "ಅವನಿರೋ ಕಡೆ ಕರ್ಕೊಂಡು ಹೋಗ್ತೀನಿ."

ಸ್ಮಶಾನ ಗುಡ್ಡದ ಬೆನ್ನಿಗಿತ್ತು. ಮೂವರೂ ಮಂಜಿನಲ್ಲಿ ನಡೆದರು. ದಾರಿಯುದ್ದಕ್ಕೂ ಬ್ರಿಜೆಟ್, ಅವನು ಇಲ್ಲಿ ಕೆಲಸಕ್ಕಿದ್ದಾನೆಯೇ, ಯಾರ ಜೊತೆಗಿದ್ದಾನೆ ಎಂದು ಕೇಳುತ್ತಿದ್ದಳು. ಗೇಟು ಕಂಡ ಮೇಲೆ ಕೇಳುವುದನ್ನು ನಿಲ್ಲಿಸಿದಳು. ಕಲ್ಲಿನ ಮುಂದೆ ಆರ್ನಲ್ಡ್ ಪಕ್ಕಕ್ಕೆ ಸರಿದು ನಿಂತ. ಕಲ್ಲಿನ ಮೇಲೆ ಆ ಹೆಸರಿತ್ತು, ಹುಟ್ಟಿದ ದಿನವಿತ್ತು. ಪ್ರತಿ ಅಕ್ಟೋಬರಿನಲ್ಲಿ ಅದೇ ದಿನ ಬ್ರಿಜೆಟ್ ಅವನಿಗೆ ಕೇಕು ಮಾಡಿ ಮೇಣದಬತ್ತಿ ಹಚ್ಚಿದ್ದಳು. ಮೊದಲು ಅವಳಿಗೆ ನಗು ಬಂತು, ಸಣ್ಣ ಕೆಮ್ಮಿನಂಥ ನಗು. ಆಮೇಲೆ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತಳು.

"ಹಾಗಾದ್ರೆ ನನ್ನ ಪಕ್ಕದಲ್ಲಿ ಮಲಗ್ತಿದ್ದೋನು ಯಾರು?"

ಮೇವಿಸ್ ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

ಗುಟ್ಟು ಮೊದಲು ಹೊಳೆದದ್ದು ಆರ್ನಲ್ಡನಿಗೆ. ಮನೆಗೆ ಬಂದು, ಅವನ ಗೆಳೆಯರು ಯಾರು, ಏನು ಮಾಡುತ್ತಿದ್ದಿರಿ ಎಂದು ಒಂದೊಂದೇ ಕೇಳಿದ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಪ್ರಯೋಗಾಲಯಗಳ ವಿರುದ್ಧ ಅವರದೊಂದು ಗುಂಪಿತ್ತು. ಕರಪತ್ರ ಹಂಚುವುದು, ಗೇಟಿನ ಮುಂದೆ ಕೂರುವುದು. ಕೆಲವರು ಬೀಗ ಒಡೆದು ನಾಯಿಗಳನ್ನು ಬಿಡಿಸಿದ್ದೂ ಉಂಟು. ಡೆರಿಕ್‌ಗೆ ಡ್ರೈವಿಂಗ್ ಲೈಸೆನ್ಸು, ಪಾಸ್‌ಪೋರ್ಟು ಎಲ್ಲ ಆ ಹೆಸರಿನಲ್ಲೇ ಇದ್ದವು ಎಂದು ಕೇಳಿದ ಮೇಲೆ ಆರ್ನಲ್ಡ್ ತಲೆಯಾಡಿಸಿದ. ಕಳ್ಳನೊಬ್ಬ ಇಷ್ಟು ಚೊಕ್ಕವಾಗಿ ಮಾಡಲಾರ, ಇದು ಸರ್ಕಾರದ ಕೈವಾಡ, ನಿಮ್ಮ ಗುಂಪಿನ ಸುದ್ದಿ ತಿಳಿಯಲು ಒಳಗೆ ಬಿಟ್ಟ ಗೂಢಚಾರ ಅವನು ಎಂದ. ಬ್ರಿಜೆಟ್, ಹಾಗೊಂದು ಅನುಮಾನ ಗುಂಪಿನಲ್ಲಿ ಒಬ್ಬರಿಗೆ ಬಂದಿತ್ತು, ನಾನೇ ಗದರಿಸಿ ಬಾಯಿ ಮುಚ್ಚಿಸಿದ್ದೆ ಎಂದಳು.

ಮೇವಿಸ್ ಮಾತ್ರ ಫೋಟೋವನ್ನೇ ನೋಡುತ್ತಿದ್ದಳು. ಹಾಗೇ ಹೆಬ್ಬೆರಳಿನಿಂದ ಗಡ್ಡ ಮುಚ್ಚಿದಳು. ಈ ಮುಖವನ್ನು ಅವಳು ಕಂಡಿದ್ದಳು.

ಬಹಳ ವರ್ಷದ ಹಿಂದೆ ಒಬ್ಬ ಹುಡುಗ ಬಂದಿದ್ದ. ನುಣ್ಣಗೆ ಕ್ಷೌರ ಮಾಡಿದ ಮುಖ, ಒಳ್ಳೆಯ ಕೋಟು. ಬೆಸ್ತರ ಬೀದಿಗಳ ಹಳೆಯ ಮನೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ, ಇಲ್ಲಿ ಜನ ಹೇಗೆ ಬದುಕಿದರೆಂದು ತಿಳಿಯಬೇಕು ಎಂದಿದ್ದ. ಆರ್ನಲ್ಡ್ ಕಚೇರಿಯಲ್ಲಿದ್ದ. ಮೇವಿಸ್ ಚಹಾ ಕೊಟ್ಟು, ಶುಂಠಿ ಕೇಕು ಕೊಟ್ಟು ಮನೆ ತೋರಿಸಿದಳು. ಮಹಡಿಯ ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತು, ಇಲ್ಲಿ ಮಗುವಿತ್ತೇ ಎಂದು ಅವನು ಮೆಲ್ಲಗೆ ಕೇಳಿದ. ಅಷ್ಟು ಸಾಕಾಯಿತು. ಅಷ್ಟು ವರ್ಷ ಕಟ್ಟಿಟ್ಟದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಹರಿದುಹೋಯಿತು. ಗೋಡೆಯ ಮೇಲಿನ ನೀಲಿ ಆನೆಗಳು, ಗೋಡೆ ಹತ್ತಿ ಬಿದ್ದು ಒಡೆದುಕೊಂಡ ಮೊಣಕಾಲು, ಸಮುದ್ರದ ಹಸು. ಅವನು ಅರ್ಧ ಮಾತಿನಲ್ಲಿ ನಿಲ್ಲಿಸಿ ಕಾಯುತ್ತಿದ್ದ; ಉಳಿದರ್ಧವನ್ನು ಅವಳೇ ತುಂಬುತ್ತಿದ್ದಳು. ಅವನ ಕಣ್ಣಲ್ಲೂ ನೀರಾಡಿತ್ತು. ಅವನು ಹೋದ ಮೇಲೆ ಎಷ್ಟೋ ವಾರ ಅವಳ ಎದೆ ಹಗುರವಾಗಿತ್ತು. ಎಂಥ ಒಳ್ಳೆಯ ತಾಯಿಯ ಮಗನೋ ಎಂದುಕೊಂಡಿದ್ದಳು.

"ನಾನೇ ಕೊಟ್ಟೆ," ಎಂದಳು ಮೇವಿಸ್. "ಬಾಗಿಲಿಗೆ ಬಂದೋನ ಕೈಗೆ ಮಗೂನ ಎತ್ತಿ ಕೊಟ್ಟೆ ನಾನು."

ಬ್ರಿಜೆಟ್ ಮರುದಿನ ಲಂಡನ್ನಿಗೆ ಹೋದಳು. ಆದರೆ ಅಲ್ಲಿಗೆ ಮುಗಿಯಲಿಲ್ಲ. ಪ್ರತಿ ಭಾನುವಾರ ಮೇವಿಸ್ ಅವಳಿಗೆ ಫೋನು ಮಾಡತೊಡಗಿದಳು. ಮೊದಮೊದಲು ಪೊಲೀಸರು ಏನೆಂದರು, ವಕೀಲರು ಏನೆಂದರು ಎಂಬ ವಿಚಾರ. ಹೇಳಲು ಹೆಚ್ಚೇನೂ ಇರಲಿಲ್ಲ. ಅಂಥ ಯಾವುದನ್ನೂ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ ಎಂಬ ಒಂದೇ ಉತ್ತರ ಎಲ್ಲ ಕಡೆಯಿಂದ ಬರುತ್ತಿತ್ತು. ಆಮೇಲಾಮೇಲೆ ಮಾತು ಬೇರೆ ಕಡೆ ತಿರುಗಿತು. ಅವನಿಗೆ ಮೊಟ್ಟೆ ಹೇಗೆ ಬೇಯಿಸಿದರೆ ಇಷ್ಟ? ಚಳಿಗಾಲದಲ್ಲಿ ಶೀತ ಆಗುತ್ತಿತ್ತೇ? ಕೋಪ ಬಂದರೆ ಕೂಗಾಡುವವನೋ, ಮೂಲೆ ಹಿಡಿಯುವವನೋ? ಬ್ರಿಜೆಟ್‌ಗೂ ಅವನ ಬಗ್ಗೆ ಮಾತಾಡಲು ಬೇರೆ ಯಾರೂ ಉಳಿದಿರಲಿಲ್ಲ. ನಾಚಿಕೆಯಿಂದಲೇ ಹೇಳುತ್ತಿದ್ದಳು. ಮೇವಿಸ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು, ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಒಮ್ಮೊಮ್ಮೆ ಮುಗುಳ್ನಗುತ್ತಿದ್ದಳು. ಐದು ವರ್ಷದ ಡೆರಿಕ್‌ನನ್ನು ನೆನೆಯಲು ಹೋದರೆ ಆ ಪುಟ್ಟ ಮುಖಕ್ಕೆ ಗಡ್ಡ ಬಂದು ಕೂರುತ್ತಿತ್ತು, ಒರೆಸಿದರೂ ಹೋಗುತ್ತಿರಲಿಲ್ಲ.

ಒಂದು ಭಾನುವಾರ ಆರ್ನಲ್ಡ್ ಅವಳ ಕೈಯಿಂದ ಫೋನು ತೆಗೆದು ಇಟ್ಟುಬಿಟ್ಟ. ಯುದ್ಧದ ಕಾಲದಲ್ಲಿ ಅವನು ಏನು ಮಾಡುತ್ತಿದ್ದನೆಂದು ಹೆಂಡತಿಗೂ ಹೇಳಿದವನಲ್ಲ. ಅಂದು ಹೇಳಿದ. ಪೂರ್ವ ತೀರದ ಒಂದು ಗುಡಿಸಲಿನಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು, ಜರ್ಮನ್ ದೋಣಿಗಳು ಒಂದಕ್ಕೊಂದು ಕಳಿಸುವ ಸಂಕೇತಗಳನ್ನು ಕದ್ದು ಕೇಳಿ ಬರೆದುಕೊಳ್ಳುವುದು ಅವನ ಕೆಲಸವಾಗಿತ್ತು.

"ನಾನೂ ಕದ್ದು ಕೇಳಿದೋನೇ ಮೇವಿಸ್. ಅದಕ್ಕೆ ಇವತ್ತಿಗೂ ತಲೆ ತಗ್ಗಿಸಲ್ಲ. ಅವರು ನಮ್ಮ ಹಡಗು ಮುಳುಗಿಸ್ತಿದ್ರು, ನಾನು ಕೇಳ್ತಿದ್ದೆ. ಆದ್ರೆ ಅವರ ಹೆಂಡ್ತೀರ ಹಾಸಿಗೆಗೆ ಹೋಗಿರ್ಲಿಲ್ಲ. ಅವರ ಸತ್ತ ಮಕ್ಕಳನ್ನ ಮೈಮೇಲೆ ಹಾಕ್ಕೊಂಡಿರ್ಲಿಲ್ಲ. ಮಗನ ಚರ್ಮ ಸುಲಿದು ಉಟ್ಕೊಂಡಿದ್ದಾನೆ ಅವನು, ನೀನು ಆ ಅಂಗಿ ಸರಿ ಕೂತಿದ್ಯಾ ಅಂತ ವಿಚಾರಿಸ್ತಿದೀಯ."

ಮೇವಿಸ್ ಅತ್ತಳು. ಆದರೆ ಮುಂದಿನ ಭಾನುವಾರ, ಅವನು ತೋಟಕ್ಕೆ ಹೋದ ಹೊತ್ತು ನೋಡಿ, ಮತ್ತೆ ಫೋನು ಮಾಡಿದಳು.

ಅಕ್ಟೋಬರ್ ಬಂತು. ಡೆರಿಕ್ ಹುಟ್ಟಿದ ದಿನ ಗಂಡ ಹೆಂಡತಿ ಬೆಳಿಗ್ಗೆಯೇ ಸ್ಮಶಾನಕ್ಕೆ ಹೋಗಿಬರುವುದು ವಾಡಿಕೆ. ಆ ವರ್ಷ ಆರ್ನಲ್ಡನ ಮೊಣಕಾಲು ಊದಿಕೊಂಡು, ಡಾಕ್ಟರ ಬಳಿ ಕಾದು, ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಮೇವಿಸ್ ಒಬ್ಬಳೇ ಹೊರಟಳು. ಹೊಳೆಯುವ ಬಿಸಿಲು, ಗುಡ್ಡದ ಮೇಲೆ ಒಂದು ಹುಲ್ಲೂ ಅಲುಗುತ್ತಿರಲಿಲ್ಲ. ಸಾಲಿನ ಕೊನೆಯಲ್ಲಿ, ಡೆರಿಕ್‌ನ ಕಲ್ಲಿನ ಮುಂದೆ, ಬೆನ್ನು ಮಾಡಿ ಒಬ್ಬ ಗಂಡಸು ನಿಂತಿದ್ದ. ಮಳೆಗೆ ಹತ್ತಿದ್ದ ಪಾಚಿಯನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

ಕರೆಯಬೇಕೆಂದು ಅವಳು ಅಂದುಕೊಂಡಿರಲಿಲ್ಲ.

"ಡೆರಿಕ್," ಎಂದಳು.

ಅವನು ತಿರುಗಿದ. ಸಂತೆಯಲ್ಲಿ ಹಿಂದಿನಿಂದ ತಮ್ಮ ಹೆಸರು ಕೇಳಿದವರು ತಿರುಗುವ ಹಾಗೆ, ತಡವಿಲ್ಲದೆ, ಮುಖದಲ್ಲಿ ಅರ್ಧ ನಗುವಿಟ್ಟುಕೊಂಡು. ಆಮೇಲೆ ಅವಳನ್ನು ಕಂಡ. ಆ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಉಳಿಯಿತು. ಗಡ್ಡವಿರಲಿಲ್ಲ. ಬೆರಳಲ್ಲಿ ಮದುವೆಯ ಉಂಗುರವಿತ್ತು.

"ನೀವು ಬೆಳಿಗ್ಗೆ ಬರೋರು," ಎಂದ ಅವನು. "ಅದಕ್ಕೇ ನಾನು ಮಧ್ಯಾಹ್ನ ಬರೋದು."

ಎಷ್ಟು ವರ್ಷದಿಂದ ಬರುತ್ತಿದ್ದೀಯ ಎಂದು ಕೇಳಲು ಅವಳಿಗೆ ನಾಲಿಗೆ ಏಳಲಿಲ್ಲ. ಹತ್ತಿರದ ಬೆಂಚಿನ ಮೇಲೆ ಕೂತಳು. ಓಡಿಹೋಗಬಹುದಿತ್ತು ಅವನು; ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬಯ್ಯುವ ಮಾತುಗಳನ್ನೆಲ್ಲ ಅವಳು ತಿಂಗಳುಗಟ್ಟಲೆ ಜೋಡಿಸಿಟ್ಟಿದ್ದಳು. ಆದರೆ ಯಾಕಪ್ಪ ಎಂದಷ್ಟೇ ಕೇಳಿದಳು.

ಮೇಲಿನವರ ಅಪ್ಪಣೆ ಎಂದ. ಹೆಸರು ಗಟ್ಟಿಯಾಗಿರಬೇಕು, ಯಾರಾದರೂ ಕೆದಕಿದರೆ ಹುಟ್ಟಿದ ದಾಖಲೆ ಸಿಗಬೇಕು. ಹಾಗಾಗಿ ಈ ಕೆಲಸಕ್ಕೆ ಬಂದ ಪೊಲೀಸರೆಲ್ಲ ಸತ್ತ ಮಕ್ಕಳ ಹೆಸರನ್ನೇ ಆರಿಸುತ್ತಿದ್ದರು. ಊರು ನೋಡಿ ಬಾ, ಮನೆ ನೋಡಿ ಬಾ, ಸಾಧ್ಯವಾದರೆ ಮನೆಯವರ ಬಾಯಲ್ಲೇ ಕೇಳು ಎಂದು ಕಲಿಸಿದ್ದರು. ಆಮೇಲೆ ಅವನು ಇನ್ನೊಂದು ವಿಷಯ ಹೇಳಿದ. ಆ ಗುಂಪಿನ ಇಬ್ಬರು ಒಂದು ಪ್ರಯೋಗಾಲಯಕ್ಕೆ ಬೆಂಕಿ ಇಡಲು ಹೊರಟಿದ್ದರು. ಒಳಗೆ ಕಾವಲುಗಾರ ಮಲಗಿರುತ್ತಾನೆಂದು ಅವರಿಗೆ ತಿಳಿದಿರಲಿಲ್ಲ. ಇವನು ಸುದ್ದಿ ಮುಟ್ಟಿಸಿದ್ದರಿಂದ ಅದು ನಿಂತಿತು. "ಆ ಮನುಷ್ಯ ಇವತ್ತು ಮೊಮ್ಮಕ್ಕಳನ್ನ ಆಡಿಸ್ತಿದ್ದಾನೆ," ಎಂದ. ಅದನ್ನು ತಳ್ಳಿಹಾಕಲು ಮೇವಿಸ್‌ಗೆ ಆಗಲಿಲ್ಲ. ಎಲ್ಲೋ ಒಬ್ಬ ತಾತ ತನ್ನ ಮಗನ ಹೆಸರಿನಿಂದ ಉಸಿರಾಡುತ್ತಿದ್ದಾನೆ.

"ಬ್ರಿಜೆಟ್ ಏನ್ ಮಾಡಿದ್ಲು?"

"ಏನೂ ಇಲ್ಲ. ಕರಪತ್ರ ಹಂಚ್ತಿದ್ಲು. ಬಂದೋರಿಗೆಲ್ಲ ಸೂಪ್ ಮಾಡಿ ಹಾಕ್ತಿದ್ಲು."

"ಮತ್ತೆ ಅವಳ್ಯಾಕೆ?"

"ಅವಳ ಪಕ್ಕದಲ್ಲಿದ್ರೆ ನನ್ನನ್ನ ಯಾರೂ ಅನುಮಾನಿಸ್ತಿರ್ಲಿಲ್ಲ." ಬೆರಳಿನ ಉಂಗುರ ತಿರುಗಿಸುತ್ತಾ, "ಮೊದಲು ಹಾಗೆ," ಎಂದ. "ಆಮೇಲೆ ನನಗೇ ಗೊತ್ತಿಲ್ಲ."

ಮೇವಿಸ್ ಸುಮ್ಮನೆ ಕೂತಳು. ಅವನು ಸುಮ್ಮನಿರಲಾರದೆ ಮಾತಾಡಿದ. ಹೆಂಡತಿಗೆ ಏನೂ ಗೊತ್ತಿಲ್ಲ, ಅವಳದೊಂದು ಹೂವಿನ ಅಂಗಡಿ. ಊರು ಚಿಕ್ಕದು, ಇಗರ್ಜಿಯ ಎದುರೇ ಮನೆ. ಮೇವಿಸ್ ಊರಿನ ಹೆಸರನ್ನು ಅರ್ಧ ಊಹಿಸಿ ನಿಲ್ಲಿಸಿದಳು, ಅವನು ಪೂರ್ತಿ ಮಾಡಿದ. ತಲೆಯಾಡಿಸಿ ಕಾದಳು, ಅವನು ಮುಂದುವರಿಸಿದ. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ತಟ್ಟನೆ ತಿಳಿಯಿತು. ಅಂದು ಅವನು ತನಗೆ ಮಾಡಿದ್ದೂ ಇದನ್ನೇ. ಅದು ಎಷ್ಟು ಸುಲಭವಾಗಿತ್ತು.

"ನನಗೆ ಜ್ವರ ಬಂದಾಗ ನೀವು ಕಣ್ಣ ಮುಂದೆ ಬರ್ತೀರಿ," ಎಂದ ಅವನು, ನೆಲ ನೋಡುತ್ತಾ. "ಒದ್ದೆ ಕೈಗವಸನ್ನ ಹಲ್ಲಲ್ಲಿ ಕಚ್ಚಿ ಎಳೆದು ತೆಗೀತೀರಿ. ಆಮೇಲೆ ಹಣೆ ಮೇಲೆ ಕೈ ಇಡ್ತೀರಿ. ನನ್ನ ಸ್ವಂತ ಅಮ್ಮ ಯಾವತ್ತೂ ಹಾಗೆ ಮಾಡಿದ್ದಿಲ್ಲ."

ಆಸ್ಪತ್ರೆಯಲ್ಲಿ, ಕೊನೆಯ ಸಂಜೆ, ಅವಳು ಹಾಗೇ ಮಾಡಿದ್ದಳು. ಹಿಮ ಬೀಳುತ್ತಿತ್ತು, ಗವಸು ಬರುತ್ತಿರಲಿಲ್ಲ. ಆರ್ನಲ್ಡ್ ಆಗ ಹೊರಗೆ ಡಾಕ್ಟರ ಬಳಿ ನಿಂತಿದ್ದ. ಅದನ್ನು ಈ ಮನುಷ್ಯನಿಗೆ ಆ ಮಧ್ಯಾಹ್ನ ಹೇಳಿದ್ದೆನೇ? ಎಷ್ಟು ತಡಕಿದರೂ ನೆನಪಾಗಲಿಲ್ಲ. ಹೇಳಿರಲೇಬೇಕು. ಹೇಳದಿದ್ದರೆ ಅದನ್ನು ಬಲ್ಲವನು ಒಬ್ಬನೇ, ಆ ಮಂಚದ ಮೇಲೆ ಮಲಗಿದ್ದವನು.

ಅವಳು ಎದ್ದಳು. "ನಿನ್ನ ಹೆಸರೇನಪ್ಪ?"

ಅವನು ತಕ್ಷಣ ಹೇಳಲಿಲ್ಲ. "ಲಯನೆಲ್," ಎಂದ ಕೊನೆಗೆ, ನೆರೆಮನೆಯವನ ಹೆಸರು ಹೇಳುವ ದನಿಯಲ್ಲಿ. ಬ್ರಿಜೆಟ್‌ಗೆ ಹೇಳಬೇಡಿ ಎಂದು ಬೇಡಿಕೊಂಡ. ಮೇವಿಸ್ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಇನ್ನು ಮೇಲೆ ಇಲ್ಲಿಗೆ ಕಾಲಿಡಬೇಡ ಎಂದಷ್ಟೇ ಹೇಳಿದಳು. ಅವನು ಮಗುವಿನ ಹಾಗೆ ತಲೆಯಾಡಿಸಿ, ಸಾಲಿನ ಕಲ್ಲುಗಳ ನಡುವೆ ನಡೆದುಹೋದ.

ಮನೆಗೆ ಬಂದು ಆರ್ನಲ್ಡನಿಗೆ ಎಲ್ಲ ಹೇಳಿದಳು. ಅವನು ನೋವಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಪೂರ್ತಿ ಕೇಳಿಸಿಕೊಂಡ. ಆ ಹುಡುಗಿಗೆ ಹೇಳಲೇಬೇಕು, ಆದರೆ ಬೇಕೋ ಬೇಡವೋ ಎಂದು ಮೊದಲು ಅವಳನ್ನು ಕೇಳಬೇಕು ಎಂದ; ಇಲ್ಲಿಯವರೆಗೆ ಅವಳನ್ನು ಯಾರೂ ಕೇಳಿಲ್ಲವಲ್ಲ. ಮೇವಿಸ್ ಫೋನಿನಲ್ಲಿ ಹಾಗೇ ಕೇಳಿದಳು. ಇವತ್ತು ಬೇಡ ಎಂದಳು ಬ್ರಿಜೆಟ್. ಕ್ರಿಸ್ಮಸ್ ಹತ್ತಿರ ಬಂದಾಗ ತಾನಾಗಿ ಫೋನು ಮಾಡಿ, ಈಗ ಹೇಳಿ ಎಂದಳು.

ಅವಳು ಲಯನೆಲ್‌ನ ಊರಿಗೆ ಹೋದಳು. ಹೂವಿನ ಅಂಗಡಿಯೊಳಗೆ ಹೋಗಿ, ಅವನ ಹೆಂಡತಿಯ ಕೈಯಿಂದಲೇ ಒಂದು ಕಟ್ಟು ಹೂ ಕೊಂಡಳು. ಆ ಹೆಂಗಸು ನಗುನಗುತ್ತಾ ದಾರ ಕಟ್ಟಿಕೊಟ್ಟಳಂತೆ. ಒಂದು ಮಾತೂ ಹೇಳಲಾಗದೆ ಬ್ರಿಜೆಟ್ ಹೊರಬಂದಳು. ನೇರ ಒಂದು ಪತ್ರಿಕೆಯ ಕಚೇರಿಗೆ ಹೋದಳು. ಆ ಹೆಂಡತಿಯ ಹೆಸರು, ಊರು ಬರೆಯಬಾರದೆಂಬ ಒಂದೇ ಷರತ್ತು ಹಾಕಿದಳು. ಪತ್ರಿಕೆಯವನು ಹೆಲಿವೆಲ್‌ರ ಮನೆಗೂ ಬಂದ. ಯುದ್ಧದ ಗುಟ್ಟನ್ನು ಅರ್ಧ ಶತಮಾನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಆರ್ನಲ್ಡ್ ಅವನ ಮುಂದೆ ಕೂತು, ಚಹಾ ಆರಿಹೋಗುವಷ್ಟು ಹೊತ್ತು ಮಾತಾಡಿದ. ಸರ್ಕಾರದವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಲಯನೆಲ್ ಮನೆ ಬಿಟ್ಟನೆಂದು ಆಮೇಲೆ ಸುದ್ದಿ ಬಂತು. ಎಲ್ಲಿದ್ದಾನೆ, ಯಾವ ಹೆಸರಿನಲ್ಲಿದ್ದಾನೆ, ಯಾರಿಗೂ ತಿಳಿಯದು.

ವರದಿ ಅಚ್ಚಾದ ಮೇಲೆ ಫೋನುಗಳು ಬರತೊಡಗಿದವು. ಗೊತ್ತಿಲ್ಲದ ಊರುಗಳಿಂದ, ಗೊತ್ತಿಲ್ಲದ ಮುದುಕರು, ಮುದುಕಿಯರು. ಎಲ್ಲರೂ ಆ ಕಾಲದಲ್ಲಿ ಒಂದು ಮಗುವನ್ನು ಕಳೆದುಕೊಂಡವರು. ಕೆಲವರು ಸಿಟ್ಟಿನಿಂದ ನಡುಗುತ್ತಿದ್ದರು. ನಮ್ಮದನ್ನೂ ಹೀಗೆ ಕದ್ದಿರಬಹುದೇ, ಯಾರನ್ನು ಕೇಳಬೇಕು ಎನ್ನುತ್ತಿದ್ದರು. ಮೇವಿಸ್ ವಕೀಲರ ವಿಳಾಸ ಕೊಡುತ್ತಿದ್ದಳು.

ಜನವರಿಯ ಒಂದು ಬೆಳಿಗ್ಗೆ ವೇಲ್ಸ್ ಕಡೆಯಿಂದ ಒಬ್ಬ ಹೆಂಗಸು ಮಾತಾಡಿದಳು. ಮಗ ನಾಲ್ಕು ವರ್ಷದವನಿದ್ದಾಗ ಕಾಲುವೆಗೆ ಬಿದ್ದಿದ್ದ. ನನ್ನ ಮಗನೂ ಹೀಗೆ ಎಲ್ಲಾದರೂ ಇರಬಹುದೇ ಎಂದು ಕೇಳಿದಳು. ಅವಳ ಭಯ ಮೇವಿಸ್‌ಗೆ ಅರ್ಥವಾಯಿತು. ಇಲ್ಲಮ್ಮ, ಎಲ್ಲ ಮಕ್ಕಳಿಗೂ ಹಾಗಾಗಿರಲ್ಲ, ಹೆದರಬೇಡಿ ಎಂದಳು.

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಹೆದರಿಕೆ ಅಲ್ಲ," ಎಂದಳು ಆ ಹೆಂಗಸು, ಪಕ್ಕದಲ್ಲಿ ಯಾರಿಗಾದರೂ ಕೇಳಿಸೀತೆಂಬಂತೆ ದನಿ ತಗ್ಗಿಸಿ. "ಇದ್ರೆ... ಮದ್ವೆ ಆಗಿದ್ಯಾ, ಹೊಟ್ಟೆ ತುಂಬ ಊಟ ಮಾಡ್ತಾನಾ, ಅಷ್ಟು ಗೊತ್ತಾಗಿದ್ರೆ ಸಾಕಿತ್ತು."

ಹಿತ್ತಲಲ್ಲಿ ಆರ್ನಲ್ಡ್ ಗುದ್ದಲಿ ತೊಳೆಯುವ ಸದ್ದು ಬರುತ್ತಿತ್ತು. ಮೇವಿಸ್ ಕಾಲಿನಿಂದ ಬಾಗಿಲು ಮುಂದೆ ಮಾಡಿ, ಮೆಟ್ಟಿಲ ಮೇಲೆ ಕೂತಳು.

"ಹೆಸರೇನಿತ್ತು ಅವನದು?" ಎಂದು ಕೇಳಿದಳು.